ಶಾರ್ಕ್‌ಗಳ ನಡುವೆ ಸ್ಕೂಬಾ: ಹೊರಡುವ ಮುನ್ನ ಕಿವಿ, ಉಸಿರು ಮತ್ತು ಘಟ್ಟದ ದಾರಿ

ಪ್ರಶ್ನೆ: ನಾನು ಬೆಳಗಾವಿಯ ಶಹಾಪುರದ ನಿವಾಸಿ, ವಯಸ್ಸು 51. ರಕ್ತದೊತ್ತಡಕ್ಕೆ ದಿನವೂ ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತೇನೆ, ಅದು ಹತೋಟಿಯಲ್ಲಿದೆ. ಬೈಲಹೊಂಗಲ ಹತ್ತಿರದ ನಮ್ಮೂರಿನ ಬಾವಿಯಲ್ಲಿ ಈಜು ಕಲಿತವನು. ಆಗ ಎಡಗಿವಿ ಸೋರುತ್ತಿತ್ತು, ಈಗ ತೊಂದರೆಯಿಲ್ಲ. ಹೆಂಡತಿಗೆ 46. ಈಜು ಬರುವುದಿಲ್ಲ, ಚಳಿಗಾಲದಲ್ಲಿ ಕೆಲವೊಮ್ಮೆ ಉಬ್ಬಸಕ್ಕೆ ಇನ್‌ಹೇಲರ್ ಬಳಸುತ್ತಾಳೆ. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಬೆಂಗಳೂರಿನಲ್ಲಿರುವ ಮಗಳು ಮಾಲ್ಡೀವ್ಸ್ ಪ್ರವಾಸ ಗೊತ್ತುಮಾಡುತ್ತಿದ್ದಾಳೆ. ತಿಮಿಂಗಿಲ ಶಾರ್ಕ್, ನರ್ಸ್ ಶಾರ್ಕ್‌ಗಳಂಥ ಸಾಧು ಸ್ವಭಾವದ ಶಾರ್ಕ್‌ಗಳೊಂದಿಗೆ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು, ಮಾಡುವುದೂ ಅದರಲ್ಲಿ ಸೇರಿದೆ. ಒಬ್ಬಾತ ಸಮುದ್ರದ ತಳದಲ್ಲಿ ಶಾರ್ಕನ್ನು ತಬ್ಬಿಕೊಂಡಿರುವ ವಿಡಿಯೋ ತೋರಿಸಿ, ‘ನೋಡಪ್ಪಾ, ಅದು ಏನೂ ಮಾಡೋದಿಲ್ಲ’ ಎನ್ನುತ್ತಾಳೆ. ಎಷ್ಟೆಂದರೂ ಶಾರ್ಕ್ ಶಾರ್ಕೇ ಅಲ್ಲವೇ? ಒಂದು ಹನಿ ರಕ್ತ ಬಿದ್ದರೆ ಮೈಲುಗಟ್ಟಲೆ ದೂರದಿಂದ ಬರುತ್ತದೆಂದು ಕೇಳಿದ್ದೇವೆ. ಮುಟ್ಟಿನ ದಿನಗಳಲ್ಲಿ ಹೆಂಗಸರು ನೀರಿಗಿಳಿಯಬಹುದೇ? ಮೊದಲು ಧೈರ್ಯ ಬರಲೆಂದು ಒಂದು ಶನಿವಾರ ರಾತ್ರಿ ಕಾರಿನಲ್ಲಿ ಹೊರಟು, ಭಾನುವಾರ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ, ಅಂದೇ ರಾತ್ರಿ ಬೆಳಗಾವಿಗೆ ಮರಳುವ ಯೋಚನೆಯಿದೆ. ಇದು ಸರಿಯೇ?

ಉತ್ತರ: ನಿಮ್ಮ ಪತ್ರದ ಬಹುಭಾಗ ಶಾರ್ಕ್ ಕುರಿತಾಗಿದೆ. ಕಿವಿ, ಉಬ್ಬಸ ಮತ್ತು ವಾಪಸು ಬರುವ ದಾರಿಯ ವಿಷಯಗಳು ಒಂದೊಂದು ವಾಕ್ಯದಲ್ಲಿ ಮುಗಿದುಹೋಗಿವೆ. ಕಿವಿ, ಮೂಗು, ಗಂಟಲಿನ ವೈದ್ಯನಾಗಿ, ಸ್ವತಃ ಡೈವಿಂಗ್ ಮಾಡುವವನಾಗಿ ನಾನು ಈ ಅಳತೆಯನ್ನು ತಿರುಗಿಸಿ ಉತ್ತರಿಸಬೇಕಾಗಿದೆ. ನೀವು ಹೆಸರಿಸಿದ ಶಾರ್ಕ್‌ಗಳಿಂದ ನಿಮಗೆ ಆಗಬಹುದಾದ ಅಪಾಯ ಬಹಳ ಕಡಿಮೆ. ನಿಮ್ಮ ಎಡಗಿವಿ, ನಿಮ್ಮ ಮನೆಯವರ ಶ್ವಾಸಕೋಶ ಮತ್ತು ಭಾನುವಾರ ಸಂಜೆ ನೀವು ಹತ್ತಬೇಕೆಂದಿರುವ ಘಟ್ಟ, ಈ ಮೂರರ ಬಗ್ಗೆ ಮಾತ್ರ ಟಿಕೆಟ್ ಕಾಯ್ದಿರಿಸುವ ಮೊದಲೇ ಕುಳಿತು ಯೋಚಿಸಬೇಕು.

ಆದರೂ ಶಾರ್ಕ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮನಸ್ಸಿನಲ್ಲಿ ಆ ಭಯ ಉಳಿದಿದ್ದರೆ ಉಳಿದ ಮಾತು ಕಿವಿಗೆ ಬೀಳುವುದಿಲ್ಲ. ಪ್ರಪಂಚದಲ್ಲಿ 500ಕ್ಕೂ ಹೆಚ್ಚು ಜಾತಿಯ ಶಾರ್ಕ್‌ಗಳಿವೆ. ಮನುಷ್ಯರಿಗೆ ಗಂಭೀರ ಗಾಯ ಮಾಡಿದ ಪ್ರಕರಣಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವವು ಮುಖ್ಯವಾಗಿ ಮೂರು: ಬಿಳಿ ಶಾರ್ಕ್, ಹುಲಿ ಶಾರ್ಕ್ ಮತ್ತು ಬುಲ್ ಶಾರ್ಕ್. ಮಾಲ್ಡೀವ್ಸ್‌ನಲ್ಲಿ ನಿಮಗೆ ತೋರಿಸುವುದಾಗಿ ಹೇಳಿರುವವು ಬೇರೆಯವು. ತಿಮಿಂಗಿಲ ಶಾರ್ಕ್ ಇಂದು ಬದುಕಿರುವ ಮೀನುಗಳಲ್ಲೇ ಅತಿ ದೊಡ್ಡದು. 18 ಮೀಟರ್ ಉದ್ದದವೂ ದಾಖಲಾಗಿವೆ. ಆದರೆ ಮಾಲ್ಡೀವ್ಸ್‌ನ ಸೌತ್ ಆರಿ ಅಟಾಲ್ ಎಂಬ ಹವಳದ ದ್ವೀಪಸಮೂಹದ ಸುತ್ತ ವರ್ಷವಿಡೀ ಕಾಣುವವುಗಳಲ್ಲಿ ಹೆಚ್ಚಿನವು ಇನ್ನೂ ಎಳೆಯ ಗಂಡುಗಳು. ಅದರ ಬಾಯಲ್ಲಿ ಸಾವಿರಾರು ಹಲ್ಲುಗಳಿದ್ದರೂ ಅವು ಕೆಲವೇ ಮಿಲಿಮೀಟರ್ ಉದ್ದವಾಗಿದ್ದು, ಆಹಾರ ಕಚ್ಚುವುದಕ್ಕೆ ಬಳಕೆಯಾಗುವುದಿಲ್ಲ. ಅದು ನೀರನ್ನು ಬಾಯಿತುಂಬ ಎಳೆದುಕೊಂಡು ಕಿವಿರುಗಳ ಮೂಲಕ ಹೊರಬಿಡುತ್ತದೆ, ಆಗ ಒಳಗೆ ಉಳಿದ ಸೂಕ್ಷ್ಮಜೀವಿಗಳನ್ನೂ ಮೀನಿನ ಮೊಟ್ಟೆಗಳನ್ನೂ ನುಂಗುತ್ತದೆ. ಅದರ ಗಂಟಲು ಕಿರಿದು, ಮನುಷ್ಯನನ್ನು ನುಂಗುವ ಪ್ರಶ್ನೆಯೇ ಇಲ್ಲ. ಅದರಿಂದ ಪೆಟ್ಟಾಗುವುದಿದ್ದರೆ ಬಾಲದಿಂದ ಆಗಬಹುದು. ತೀರಾ ಹತ್ತಿರ ಹೋದವರಿಗೆ ಬಾಲದ ಒಂದು ಬೀಸು ತಗುಲಿದರೆ ಮಾಸ್ಕ್ ಕಿತ್ತುಹೋಗಬಹುದು, ಪಕ್ಕೆಲುಬಿಗೂ ಏಟಾಗಬಹುದು.

ನರ್ಸ್ ಶಾರ್ಕ್‌ನ ಕಥೆ ಸ್ವಲ್ಪ ಬೇರೆ. ಹಿಂದೂ ಮಹಾಸಾಗರದಲ್ಲಿ ಕಾಣುವುದು ಕಂದು ಬಣ್ಣದ, ಸುಮಾರು ಮೂರು ಮೀಟರ್‌ವರೆಗೆ ಬೆಳೆಯುವ ಜಾತಿ. ಹಗಲೆಲ್ಲ ಬಂಡೆಯ ಸಂದಿಯಲ್ಲೋ ಮರಳಿನ ಮೇಲೋ ಒಂದರ ಮೇಲೊಂದು ಒರಗಿ ಮಲಗಿರುತ್ತವೆ. ಶಾರ್ಕ್‌ಗಳು ಈಜುತ್ತಲೇ ಇರಬೇಕು, ನಿಂತರೆ ಸಾಯುತ್ತವೆ ಎಂಬ ಮಾತು ಎಲ್ಲ ಶಾರ್ಕ್‌ಗಳಿಗೂ ಅನ್ವಯಿಸುವುದಿಲ್ಲ ಎಂಬುದಕ್ಕೆ ಇವೇ ಸಾಕ್ಷಿ. ಗಲ್ಲವನ್ನು ಅಲುಗಾಡಿಸುತ್ತ ಕಿವಿರುಗಳ ಮೇಲೆ ನೀರು ಹಾಯಿಸಿಕೊಂಡು ಇವು ಮಲಗಿದಲ್ಲೇ ಉಸಿರಾಡುತ್ತವೆ. ಹತ್ತಿರದಿಂದ ನೋಡಿದರೆ ಪುಟ್ಟ ಕಣ್ಣು, ಮೇಲ್ದುಟಿಯ ಬಳಿ ಮೀಸೆಯಾಗಿ ಇಳಿಬಿದ್ದ ಎರಡು ಎಳೆಗಳು, ಉಸಿರಿನ ಲಯಕ್ಕೆ ತೆರೆದು ಮುಚ್ಚುವ ಕಿವಿರು ಸೀಳುಗಳು ಕಾಣುತ್ತವೆ. ನೀವು ಸುಮ್ಮನಿದ್ದಷ್ಟು ಹೊತ್ತು ಅದೂ ಸುಮ್ಮನಿರುತ್ತದೆ. ಆದರೆ ಬಾಲ ಎಳೆದರೆ, ಮೇಲೆ ಕುಳಿತರೆ, ಕೈಯಲ್ಲಿ ಮೀನಿನ ತುಂಡು ಹಿಡಿದರೆ ಅದು ಕಚ್ಚುತ್ತದೆ. ಕಚ್ಚಿದ ಮೇಲೆ ಬಾಯಿಯ ಹೀರುವ ಬಲದಿಂದ ಹಿಡಿದೇ ಇರುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ನರ್ಸ್ ಶಾರ್ಕ್ ಕಚ್ಚಿದ ವರದಿಗಳಲ್ಲಿ ಬಹುಪಾಲು ಹೀಗೆ ಮನುಷ್ಯರು ಕೆಣಕಿದಾಗ ಆದವು. ಆದ್ದರಿಂದ ನಿಮ್ಮ ಮಗಳು ತೋರಿಸಿದ ತಬ್ಬಿಕೊಳ್ಳುವ ವಿಡಿಯೋವನ್ನು ದಯವಿಟ್ಟು ಮಾದರಿಯಾಗಿ ತೆಗೆದುಕೊಳ್ಳಬೇಡಿ. ಆ ಪ್ರಾಣಿ ಸಹಿಸಿಕೊಂಡಿತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ರಕ್ತದ ವಾಸನೆಯ ವಿಷಯ. ಶಾರ್ಕ್‌ನ ಘ್ರಾಣಶಕ್ತಿ ಚುರುಕಾದದ್ದು ಹೌದು. ಆದರೆ ವಾಸನೆ ನೀರಿನಲ್ಲಿ ಪ್ರವಾಹ ಒಯ್ದ ಕಡೆಗೆ, ಒಯ್ದಷ್ಟು ವೇಗದಲ್ಲಿ ಮಾತ್ರ ಹರಡುತ್ತದೆ. ಒಂದು ಹನಿ ರಕ್ತ ಮೈಲುಗಟ್ಟಲೆ ದೂರದ ಶಾರ್ಕನ್ನು ಕರೆತರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಡೈವ್ ಮಾಡುವ ಹೆಂಗಸರ ಮೇಲೆ ಶಾರ್ಕ್‌ಗಳು ಹೆಚ್ಚಾಗಿ ಎರಗುತ್ತವೆ ಎಂಬುದಕ್ಕೆ ಆಧಾರವಿಲ್ಲ. ಆ ದಿನಗಳಲ್ಲಿ ಮೈಗೆ ಆಯಾಸ, ಹೊಟ್ಟೆನೋವು ಇದ್ದರೆ ನೀರಿಗಿಳಿಯದಿರುವುದು ಒಳ್ಳೆಯದು, ಅದಕ್ಕೂ ಶಾರ್ಕ್‌ಗೂ ಸಂಬಂಧವಿಲ್ಲ. ಅಮೆರಿಕದ ಫ್ಲೋರಿಡಾ ಮ್ಯೂಸಿಯಂ ಇಡೀ ಜಗತ್ತಿನ ಶಾರ್ಕ್ ಕಡಿತಗಳ ದಾಖಲೆ ಇಡುತ್ತದೆ. ಅದರ ಲೆಕ್ಕದಲ್ಲಿ, ಮನುಷ್ಯರು ಕೆಣಕದೆಯೇ ಆದ ಕಡಿತಗಳು 2023ರಲ್ಲಿ 69, 2024ರಲ್ಲಿ 47. ಸಮುದ್ರಕ್ಕೆ ಇಳಿಯುವ ಕೋಟಿಗಟ್ಟಲೆ ಜನರ ನಡುವೆ ಇಷ್ಟು.

ಇದರ ಎದುರಿಗೆ ಇನ್ನೊಂದು ಅಂಕಿಯನ್ನೂ ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಮೀನುಗಾರಿಕೆಯಲ್ಲಿ ಸಾಯುವ ಶಾರ್ಕ್‌ಗಳ ಸಂಖ್ಯೆ 2019ರ ಹೊತ್ತಿಗೆ ವರ್ಷಕ್ಕೆ ಸುಮಾರು 8 ಕೋಟಿ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ನಮ್ಮ ಬೆಳಗಾವಿಯ ಮಾಲ್ವಣಿ ಖಾನಾವಳಿಗಳಲ್ಲಿ ಮೋರಿ ಮಸಾಲೆ ಎಂದು ಬಡಿಸುವುದೂ ಚಿಕ್ಕ ಶಾರ್ಕನ್ನೇ. ತಿಂದವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ; ಭಯಪಡಬೇಕಾದವರು ಯಾರು ಎಂಬುದು ಸ್ಪಷ್ಟವಾಗಲೆಂದು ಹೇಳಿದೆ. ತಿಮಿಂಗಿಲ ಶಾರ್ಕನ್ನು ಗುಜರಾತಿನ ವೇರಾವಲ್ ಕರಾವಳಿಯಲ್ಲಿ ಹಿಂದೆ ಯಕೃತ್ತಿನ ಎಣ್ಣೆಗೂ ಮಾಂಸಕ್ಕೂ ಹಿಡಿದು ಕೊಲ್ಲುತ್ತಿದ್ದರು. 2001ರಲ್ಲಿ ಅದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ರಾಮಕಥೆ ಹೇಳುವ ಮೊರಾರಿ ಬಾಪು ಅವರು ಅಲ್ಲಿನ ಮೀನುಗಾರರಿಗೆ ಮನವರಿಕೆ ಮಾಡಿದ ಮೇಲೆ, ಬಲೆಗೆ ಬಿದ್ದ ತಿಮಿಂಗಿಲ ಶಾರ್ಕನ್ನು ತಮ್ಮ ಬಲೆ ಕತ್ತರಿಸಿ ಬಿಡುವ ಪರಿಪಾಠ ಬೆಳೆಯಿತು. ಮಾಲ್ಡೀವ್ಸ್ 2010ರಲ್ಲಿ ತನ್ನ ನೀರಿನಲ್ಲಿ ಎಲ್ಲ ಬಗೆಯ ಶಾರ್ಕ್ ಬೇಟೆಯನ್ನೂ ನಿಷೇಧಿಸಿತು. ನೀವು ಇಂದು ಅವುಗಳನ್ನು ನೋಡಲು ಸಾಧ್ಯವಾಗಿರುವುದು ಇಂಥ ನಿರ್ಧಾರಗಳಿಂದ.

ಈಗ ನಿಮ್ಮ ಎಡಗಿವಿಗೆ ಬರೋಣ. ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ದಡದಲ್ಲಿ ಒಂದಿದ್ದ ಒತ್ತಡ 10 ಮೀಟರ್ ಆಳದಲ್ಲಿ ಎರಡಾಗುತ್ತದೆ, ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಕಿವಿ ತಮಟೆಯ ಹಿಂದೆ ಮಧ್ಯಕಿವಿ ಎಂಬ ಗಾಳಿ ತುಂಬಿದ ಚಿಕ್ಕ ಕೋಣೆಯಿದೆ. ಮೂಗಿನ ಹಿಂಭಾಗದಿಂದ ಅದಕ್ಕೆ ಗಾಳಿ ಹೋಗಿಬರುವ ಸಣ್ಣ ನಾಳವಿದ್ದು, ಅದು ಸಾಮಾನ್ಯವಾಗಿ ಮುಚ್ಚಿರುತ್ತದೆ. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಅಥವಾ ನುಂಗಿ ಅದನ್ನು ತೆರೆಯಬೇಕು. ತೆರೆಯದಿದ್ದರೆ ತಮಟೆ ಒಳಕ್ಕೆ ಎಳೆಯಲ್ಪಡುತ್ತದೆ, ನೋವಾಗುತ್ತದೆ, ಒಳಗೆ ರಕ್ತ ಜಿನುಗುತ್ತದೆ, ಕೊನೆಗೆ ತಮಟೆ ಹರಿಯಲೂಬಹುದು. ಡೈವಿಂಗ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಗಾಯ ಇದೇ. ಗಾತ್ರದ ಬದಲಾವಣೆ ಮೇಲ್ಭಾಗದಲ್ಲೇ ಅತಿ ಹೆಚ್ಚಾಗಿರುವುದರಿಂದ ಈ ತೊಂದರೆ ಮೊದಲ ಐದು ಮೀಟರ್‌ಗಳಲ್ಲೇ ಆರಂಭವಾಗುತ್ತದೆ. ‘ನಾವು ಆಳಕ್ಕೆ ಹೋಗುವುದಿಲ್ಲವಲ್ಲ’ ಎಂಬ ಸಮಾಧಾನ ಕಿವಿಯ ಮಟ್ಟಿಗೆ ನಿಲ್ಲುವುದಿಲ್ಲ.

ಬಾಲ್ಯದಲ್ಲಿ ಕಿವಿ ಸೋರಿದವರು ನಮ್ಮ ಕಡೆ ಬಹಳ ಜನ. ಬಾವಿಯಲ್ಲಿ, ಕೆರೆಯಲ್ಲಿ ಈಜಿ, ಶೀತವಾಗಿ, ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟುಕೊಂಡು, ಸೋರುವುದು ನಿಂತ ಮೇಲೆ ಮರೆತುಬಿಟ್ಟಿರುತ್ತಾರೆ. ನನ್ನಲ್ಲಿಗೆ ಬರುವ ಇಂಥವರ ಕಿವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂರು ಬಗೆಯ ಸ್ಥಿತಿ ಕಾಣುತ್ತದೆ. ಕೆಲವರಲ್ಲಿ ತಮಟೆ ಪೂರ್ತಿ ಮಾಗಿ, ಮೂಗು ಹಿಡಿದು ಊದಿದೊಡನೆ ಬೂದುಮುತ್ತಿನ ಬಣ್ಣದ ಪೊರೆ ಹೊರಕ್ಕೆ ಉಬ್ಬಿ ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಅದನ್ನು ಕಂಡರೆ ನನಗೆ ನಿರಾಳ. ಇನ್ನು ಕೆಲವರಲ್ಲಿ ಹಳೆಯ ರಂಧ್ರ ಮುಚ್ಚಿಕೊಂಡಿದ್ದರೂ ಅಲ್ಲಿ ಬೆಳೆದ ಪೊರೆ ತೀರಾ ತೆಳುವಾಗಿದ್ದು, ಊದಿದಾಗ ಅಷ್ಟು ಭಾಗ ಮಾತ್ರ ಗುಳ್ಳೆಯಾಗಿ ಮೇಲೇಳುತ್ತದೆ. ಅಂಥದ್ದು ಒತ್ತಡಕ್ಕೆ ಹರಿಯಬಹುದು. ಮೂರನೆಯ ಬಗೆಯಲ್ಲಿ ರಂಧ್ರ ಇನ್ನೂ ಇರುತ್ತದೆ, ಆದರೆ ಒಣಗಿದೆ. ವ್ಯಕ್ತಿಗೆ ನೋವಿಲ್ಲ, ಸೋರಿಕೆಯಿಲ್ಲ, ಕೇಳಿಸುವುದು ಸ್ವಲ್ಪ ಕಡಿಮೆಯಾಗಿದ್ದರೂ ಅರಿವಿಗೆ ಬಂದಿರುವುದಿಲ್ಲ. ಇವರು ಡೈವ್ ಮಾಡಿದರೆ ತಣ್ಣೀರು ಒಂದೇ ಕಿವಿಯ ಒಳಕ್ಕೆ ನುಗ್ಗಿ, ಸಮತೋಲನದ ಅಂಗ ಕೆರಳಿ, ನೀರಿನಡಿಯಲ್ಲಿ ತಲೆ ಗಿರ್ರನೆ ತಿರುಗುತ್ತದೆ. ಮೇಲ್ಯಾವುದು ಕೆಳಗ್ಯಾವುದು ತಿಳಿಯದಾಗುತ್ತದೆ, ವಾಂತಿಯೂ ಆಗಬಹುದು. ದಡದಲ್ಲಿ ತಲೆ ಸುತ್ತಿದರೆ ಕುಳಿತುಕೊಳ್ಳಬಹುದು, 10 ಮೀಟರ್ ಆಳದಲ್ಲಿ ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡಲು ಕೊಡುವ ಸಾಧನ) ಇಟ್ಟುಕೊಂಡಿರುವಾಗ ಇದು ಪ್ರಾಣಾಪಾಯ. ನೀವು ಈ ಮೂವರಲ್ಲಿ ಯಾರು ಎಂಬುದನ್ನು ಪತ್ರ ಓದಿ ಹೇಳಲಾರೆ, ಕಿವಿ ನೋಡಿಯೇ ಹೇಳಬೇಕು. ಪರೀಕ್ಷೆ ದೊಡ್ಡದೇನಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದು ನೋಟ, ತಮಟೆ ಒತ್ತಡಕ್ಕೆ ಹೇಗೆ ಅಲುಗುತ್ತದೆಂದು ಅಳೆಯುವ ಟಿಂಪನೋಮೆಟ್ರಿ, ಕಿವಿ ಕೇಳಿಸುವ ಪರೀಕ್ಷೆ ಇಷ್ಟು ಸಾಕು. ರಂಧ್ರ ಇರುವುದು ಕಂಡರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು, ಆದರೆ ಆ ಮೇಲೆ ಹಲವು ತಿಂಗಳು ಕಾದು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಕಿವಿ ಚೆನ್ನಾಗಿದ್ದರೂ ಒಂದು ಎಚ್ಚರಿಕೆ. ನೆಗಡಿಯಾಗಿದ್ದರೆ ಡೈವ್ ಬೇಡ. ಮೂಗು ಬಿಡಿಸುವ ಹನಿ ಹಾಕಿಕೊಂಡು ಇಳಿಯುವವರಿದ್ದಾರೆ. ನೀರಿನಡಿಯಲ್ಲಿರುವಾಗ ಅದರ ಪರಿಣಾಮ ಇಳಿದರೆ ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರದಾರಿ ಸಿಗುವುದಿಲ್ಲ. ಇಳಿಯುವಾಗ ಹಗ್ಗ ಹಿಡಿದು, ಕಾಲು ಕೆಳಗಾಗಿ, ನೋವು ಬರುವ ಮೊದಲೇ ಮತ್ತೆ ಮತ್ತೆ ಕಿವಿ ಬಿಡಿಸಿಕೊಳ್ಳಿ. ನೋವಾದರೆ ಅರ್ಧ ಮೀಟರ್ ಮೇಲೇರಿ ಪುನಃ ಪ್ರಯತ್ನಿಸಿ. ಬಲವಾಗಿ ಊದಬೇಡಿ, ಅದರಿಂದ ಒಳಕಿವಿಗೇ ಪೆಟ್ಟಾಗಿ ಕಿವುಡು ಬರಬಹುದು.

ನಿಮ್ಮ ಮನೆಯವರ ವಿಷಯದಲ್ಲಿ ನಾನು ಹೆಚ್ಚು ಗಟ್ಟಿಯಾಗಿ ಮಾತನಾಡಬೇಕಾಗಿದೆ. ಸ್ಕೂಬಾದಲ್ಲಿ ಉಸಿರು ಎಂದೂ ಹಿಡಿಯಬಾರದೆಂಬುದು ಮೊದಲ ನಿಯಮ. 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ತುಂಬಿಕೊಂಡ ಗಾಳಿ ಮೇಲಕ್ಕೆ ಬಂದಾಗ ಎರಡರಷ್ಟಾಗುತ್ತದೆ. ಅದು ಹೊರಹೋಗದಿದ್ದರೆ ಶ್ವಾಸಕೋಶ ಬಿರಿದು, ಗಾಳಿಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳನ್ನು ತಲುಪಬಹುದು. ತುಂಬಿದ ಶ್ವಾಸಕೋಶಕ್ಕೆ ಒಂದೆರಡು ಮೀಟರ್ ಆಳದಿಂದ ಉಸಿರು ಹಿಡಿದು ಎದ್ದರೂ ಇದು ಆಗಬಲ್ಲದು, ಈಜುಕೊಳದಲ್ಲಿಯೂ ಆಗಿರುವುದುಂಟು. ಉಬ್ಬಸ ಇರುವವರಲ್ಲಿ ಸಣ್ಣ ಶ್ವಾಸನಾಳಗಳು ಬಿಗಿದುಕೊಂಡು ಗಾಳಿ ಒಳಗೇ ಸಿಕ್ಕಿಬೀಳುವುದರಿಂದ, ವ್ಯಕ್ತಿ ನಿಯಮ ಪಾಲಿಸಿದರೂ ಶ್ವಾಸಕೋಶದ ಒಂದು ಭಾಗ ಪಾಲಿಸುವುದಿಲ್ಲ. ಸಿಲಿಂಡರಿನ ಗಾಳಿ ಒಣಗಾಳಿ, ತಣ್ಣನೆಯದು. ನೀರಿನ ಶ್ರಮವೂ ಗಾಬರಿಯೂ ಅದಕ್ಕೆ ಸೇರುತ್ತವೆ. ಈ ಮೂರೂ ಉಬ್ಬಸವನ್ನು ಕೆರಳಿಸುವಂಥವೇ. ಹಿಂದೆ ಉಬ್ಬಸ ಎಂದೊಡನೆ ಡೈವಿಂಗ್ ಬೇಡವೆನ್ನುತ್ತಿದ್ದರು. ಈಗ ಒಬ್ಬೊಬ್ಬರನ್ನೂ ಪರೀಕ್ಷಿಸಿ ನಿರ್ಧರಿಸುತ್ತಾರೆ. ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ಸಹಜವಾಗಿದ್ದು, ವ್ಯಾಯಾಮದ ನಂತರವೂ ಅದು ಕುಸಿಯದಿದ್ದು, ಕಾಯಿಲೆ ಚೆನ್ನಾಗಿ ಹತೋಟಿಯಲ್ಲಿರುವ ಕೆಲವರಿಗೆ ಅನುಮತಿ ಸಿಗುತ್ತದೆ. ಚಳಿಗೆ, ಶ್ರಮಕ್ಕೆ ಅಥವಾ ಮನಸ್ಸಿನ ಉದ್ವೇಗಕ್ಕೆ ಉಬ್ಬಸ ಬರುವವರಿಗೆ ಸಿಗುವುದಿಲ್ಲ. ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತದೆಂದು ನೀವೇ ಬರೆದಿದ್ದೀರಿ. ಹಾಗಾದರೆ ಅವರು ಈ ಪ್ರವಾಸದಲ್ಲಿ ಸಿಲಿಂಡರ್ ಹೊರುವುದು ಬೇಡವೆಂಬುದೇ ನನ್ನ ಅಭಿಪ್ರಾಯ. ಶ್ವಾಸಕೋಶ ತಜ್ಞರು ಪರೀಕ್ಷಿಸಿ ಬೇರೆ ಹೇಳಿದರೆ ಅವರ ಮಾತು ಕೇಳಿ. ಪರೀಕ್ಷೆಯಿಲ್ಲದೆ ಮಾತ್ರ ಇಳಿಯಬಾರದು.

ಇದರಿಂದ ಅವರಿಗೆ ನಿರಾಸೆಯಾಗಬೇಕಿಲ್ಲ. ತಿಮಿಂಗಿಲ ಶಾರ್ಕ್ ನೋಡಲು ಸ್ಕೂಬಾ ಅನಿವಾರ್ಯವಲ್ಲ. ಅದು ಬಹಳ ಸಲ ನೀರಿನ ಮೇಲ್ಮೈ ಬಳಿಯಲ್ಲೇ ನಿಧಾನವಾಗಿ ಸಾಗುತ್ತದೆ, ಸೌತ್ ಆರಿಯಲ್ಲಿ ಹೆಚ್ಚಿನವರು ಅದನ್ನು ನೋಡುವುದು ಸ್ನಾರ್ಕೆಲಿಂಗ್ ಮಾಡುತ್ತಲೇ, ಅಂದರೆ ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ತೇಲುತ್ತಲೇ. ಮಾಸ್ಕ್ ಹಾಕಿ ಮುಖವನ್ನಷ್ಟೇ ನೀರಿಗಿಟ್ಟರೆ ಕೆಳಗೆ ಆ ದೊಡ್ಡ ಬೆನ್ನು, ಅದರ ಮೇಲೆ ರಂಗೋಲಿ ಬಿಡಿಸಿದಂತೆ ಚುಕ್ಕಿ ಮತ್ತು ಗೆರೆಗಳು ಕಾಣುತ್ತವೆ. ಆದರೆ ಸ್ನಾರ್ಕೆಲಿಂಗ್ ಎಂದರೆ ಅಪಾಯವೇ ಇಲ್ಲವೆಂದು ತಿಳಿಯಬೇಡಿ. ದೋಣಿಯಿಂದ ತೆರೆದ ಸಮುದ್ರಕ್ಕೆ ಇಳಿಯುವುದು, ಶಾರ್ಕ್ ಹಿಂದೆ ಅವಸರದಲ್ಲಿ ಕಾಲು ಬಡಿಯುವುದು, ಪ್ರವಾಹ, ಇವೆಲ್ಲ ಈಜು ಬಾರದ ಮಧ್ಯವಯಸ್ಕರಿಗೆ ಕಷ್ಟವೇ. ಬೆಳಗಾವಿಯ ಯಾವುದಾದರೂ ಈಜುಕೊಳದಲ್ಲಿ ಎರಡು ಮೂರು ತಿಂಗಳು ಕಲಿತು, ಮುಖ ನೀರಿನಲ್ಲಿಟ್ಟು ತೇಲುವುದನ್ನೂ ಸ್ನಾರ್ಕೆಲ್‌ನಲ್ಲಿ ಉಸಿರಾಡುವುದನ್ನೂ ರೂಢಿಸಿಕೊಂಡು, ಅಲ್ಲಿ ಲೈಫ್ ಜಾಕೆಟ್ ಧರಿಸಿ, ಅವರೊಬ್ಬರಿಗಾಗಿಯೇ ಒಬ್ಬ ಮಾರ್ಗದರ್ಶಕನನ್ನು ಕೇಳಿ ಪಡೆದು ಇಳಿಯಲಿ. ಇನ್‌ಹೇಲರ್ ದೋಣಿಯಲ್ಲಿ ಕೈಗೆ ಸಿಗುವ ಕಡೆ ಇರಲಿ. ಹಿಂದಿನ ಎರಡು ದಿನಗಳಲ್ಲಿ ಅದರ ಅಗತ್ಯ ಬಿದ್ದಿದ್ದರೆ ಅಂದು ನೀರಿಗಿಳಿಯದೆ ದೋಣಿಯಿಂದಲೇ ನೋಡಲಿ.

ನಿಮ್ಮ ರಕ್ತದೊತ್ತಡ ಹತೋಟಿಯಲ್ಲಿದ್ದರೆ ಟೆಲ್ಮಿಸಾರ್ಟಾನ್ ಕಾರಣಕ್ಕೆ ಡೈವಿಂಗ್ ತಪ್ಪಬೇಕಿಲ್ಲ. ನನಗಿರುವ ಕಾಳಜಿ ಬೇರೆ. ನೀರಿನಲ್ಲಿ ಮುಳುಗಿದೊಡನೆ ಕಾಲುಗಳ ರಕ್ತ ಎದೆಯತ್ತ ಸರಿದು ಹೃದಯದ ಕೆಲಸ ಹೆಚ್ಚುತ್ತದೆ. ರಕ್ತದೊತ್ತಡ ಇರುವವರಲ್ಲಿ ಅಪರೂಪಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿ, ಕೆಮ್ಮು ಮತ್ತು ಏದುಸಿರು ಶುರುವಾಗುತ್ತದೆ. ಹಾಗಾದರೆ ಒಂದು ಕ್ಷಣವೂ ತಡೆಯದೆ, ಆದರೆ ಉಸಿರು ಬಿಡುತ್ತಾ ನಿಧಾನವಾಗಿ, ಮೇಲೆ ಬರಬೇಕು. ಡೈವಿಂಗ್ ಸಾವುಗಳಲ್ಲಿ ಗಣನೀಯ ಪಾಲು ಹೃದಯದ ಕಾಯಿಲೆಗೆ ಸಂಬಂಧಿಸಿದವು, ಅದೂ ನಮ್ಮ ವಯಸ್ಸಿನವರಲ್ಲಿ. ಮೂರು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಿದಾಗ ಎದೆ ಬಿಗಿಯುವುದಿದ್ದರೆ, ಅಥವಾ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಧೂಮಪಾನ ಜೊತೆಗಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಡೈವಿಂಗ್ ಸಂಸ್ಥೆಗಳು ಆರೋಗ್ಯದ ಬಗ್ಗೆ ಒಂದು ಪ್ರಶ್ನಾವಳಿ ಕೊಡುತ್ತವೆ. ‘ಹೌದು’ ಎಂದರೆ ವೈದ್ಯರ ಚೀಟಿ ಕೇಳುತ್ತಾರೆಂಬ ಕಾರಣಕ್ಕೆ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕುವವರನ್ನು ನಾನು ದೋಣಿಯಲ್ಲೇ ಕಂಡಿದ್ದೇನೆ. ಆ ಕಾಗದ ಸಂಸ್ಥೆಯ ರಕ್ಷಣೆಗಷ್ಟೇ ಇರುವುದಲ್ಲ. ಆಪತ್ತು ಬಂದಾಗ ಬೋಧಕನಿಗೆ ನಿಮ್ಮ ಬಗ್ಗೆ ತಿಳಿದಿರುವುದು ಅದರಲ್ಲಿದ್ದಷ್ಟೇ.

ಇನ್ನು ನೇತ್ರಾಣಿಯ ಯೋಜನೆ. ಜಾಗ ಒಳ್ಳೆಯದು. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದ್ದು, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಡೈವಿಂಗ್ ನಡೆಯುತ್ತದೆ. ಬಂಡೆಯ ಸಂದಿಗಳಲ್ಲಿ ಮೊಣಕೈ ಉದ್ದದ, ಪಟ್ಟೆಪಟ್ಟೆಯ ಬ್ಯಾಂಬೂ ಶಾರ್ಕ್‌ಗಳು ಸಿಗುವುದುಂಟು. ಮೊದಲ ಶಾರ್ಕ್ ನೋಡಲು ಇದಕ್ಕಿಂತ ಸೌಮ್ಯವಾದದ್ದು ಬೇರೆ ಬೇಕಿಲ್ಲ. ತರಬೇತಿಯಿಲ್ಲದವರಿಗೆ ಬೋಧಕರು ಜೊತೆಗಿದ್ದು ಮಾಡಿಸುವ ಪರಿಚಯ ಡೈವ್‌ಗೆ 12 ಮೀಟರ್ ಮಿತಿಯಿದೆ. ಅದಕ್ಕೆ ಈಜು ಬರಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ. ಮೂರು ನಾಲ್ಕು ದಿನಗಳ ಓಪನ್ ವಾಟರ್ ಎಂಬ ಆರಂಭಿಕ ಡೈವಿಂಗ್ ಕೋರ್ಸ್ ಮಾಡಿದರೆ 18 ಮೀಟರ್‌ವರೆಗೆ ಇಳಿಯಬಹುದು, ಅದಕ್ಕೆ 200 ಮೀಟರ್ ಈಜಿ 10 ನಿಮಿಷ ತೇಲಿ ತೋರಿಸಬೇಕು. ನಿಮಗೆ ಕಿವಿ ಮತ್ತು ಹೃದಯದ ಪರೀಕ್ಷೆಗಳು ಅನುಕೂಲಕರವಾಗಿ ಬಂದರೆ ನಾನು ಈ ಕೋರ್ಸನ್ನೇ ಶಿಫಾರಸು ಮಾಡುತ್ತೇನೆ. ಮಾಸ್ಕ್‌ಗೆ ನೀರು ನುಗ್ಗಿದಾಗ ಮೂಗಿನಿಂದ ಊದಿ ಹೊರಹಾಕುವುದನ್ನು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಹುಡುಕಿ ಮತ್ತೆ ಕಚ್ಚುವುದನ್ನು ಶಾಂತ ನೀರಿನಲ್ಲಿ ಹತ್ತಾರು ಸಲ ಮಾಡಿದವನಿಗೆ ಶಾರ್ಕ್ ಎದುರು ಬಂದಾಗ ಗಾಬರಿಯಾಗುವುದಿಲ್ಲ. ಬೇರೆಯವರು ಸಿಲಿಂಡರ್ ಹಿಡಿದು ತಳ್ಳಿಕೊಂಡು ಹೋಗುವ ಡೈವ್‌ನಲ್ಲಿ ಈ ಕೌಶಲ ಬರುವುದಿಲ್ಲ.

ನಾನು ಒಪ್ಪದಿರುವುದು ನಿಮ್ಮ ವೇಳಾಪಟ್ಟಿಯನ್ನು. ರಾತ್ರಿಯಿಡೀ ಕಾರು ಓಡಿಸಿ, ನಿದ್ದೆಗೆಟ್ಟು, ಬೆಳಿಗ್ಗೆ ದೋಣಿಯಲ್ಲಿ ಕುಳಿತರೆ ಸಮುದ್ರದ ಓಲಾಟಕ್ಕೆ ವಾಂತಿ ಬರುತ್ತದೆ, ಮೈಯ ನೀರು ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ವಾಪಸು ಬರುವ ದಾರಿ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ನೈಟ್ರೋಜನ್ ರಕ್ತದಲ್ಲೂ ಅಂಗಾಂಶಗಳಲ್ಲೂ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೊರಹೋಗಲು ಹಲವು ಗಂಟೆ ಬೇಕು. ಅಷ್ಟರೊಳಗೆ ಸುತ್ತಲಿನ ಒತ್ತಡ ಇನ್ನೂ ಇಳಿದರೆ ಕರಗಿದ ಅನಿಲ ಗುಳ್ಳೆಗಟ್ಟಬಹುದು. ಕೀಲುನೋವು, ವಿಪರೀತ ದಣಿವು, ಕೈಕಾಲು ಜೋಮು, ಚರ್ಮದ ಮೇಲೆ ಕಲೆ ಇದರ ಲಕ್ಷಣಗಳು. ತೀವ್ರವಾದರೆ ಪಾರ್ಶ್ವವಾಯುವೂ ಆಗಬಹುದು. ಡೈವ್ ಮಾಡಿದ ಕೂಡಲೇ ವಿಮಾನ ಹತ್ತಬಾರದೆಂದು ಹೇಳುವುದು ಇದಕ್ಕೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಲಹೆಯಂತೆ ಒಂದೇ ಸಾಧಾರಣ ಡೈವ್ ನಂತರ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನಗಳ ಡೈವಿಂಗ್ ನಂತರ ಕನಿಷ್ಠ 18 ಗಂಟೆ ಕಾಯಬೇಕು. ಆ ಸಲಹೆ ಸುಮಾರು 610 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ ಅನ್ವಯಿಸುತ್ತದೆ. ಅಷ್ಟು ಎತ್ತರಕ್ಕೆ ಹೋಗಲು ನಮಗೆ ವಿಮಾನ ಬೇಕಿಲ್ಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬಂದರೂ, ಮಾಲವಣದಲ್ಲಿ ಡೈವ್ ಮಾಡಿ ಅಂಬೋಲಿ ಹತ್ತಿದರೂ, ಗೋವಾದಿಂದ ಚೋರ್ಲಾ ಹತ್ತಿದರೂ ಮಾತು ಒಂದೇ. ಬಾಗಲಕೋಟೆ, ವಿಜಯಪುರದವರ ಊರುಗಳು ಇದಕ್ಕಿಂತ ತಗ್ಗಿನಲ್ಲಿದ್ದರೂ ಅವರು ಸಾಮಾನ್ಯವಾಗಿ ಹುಬ್ಬಳ್ಳಿ ಹಾದೇ ಹೋಗುತ್ತಾರೆ, ಹುಬ್ಬಳ್ಳಿಯೂ ಆ ಮಿತಿಗಿಂತ ಮೇಲಿದೆ.

ಇದನ್ನು ಉತ್ಪ್ರೇಕ್ಷಿಸಬಾರದು. ಎಂಟು ಹತ್ತು ಮೀಟರ್ ಆಳದಲ್ಲಿ ಇಪ್ಪತ್ತು ನಿಮಿಷದ ಒಂದೇ ಪರಿಚಯ ಡೈವ್‌ನಲ್ಲಿ ಸೇರುವ ನೈಟ್ರೋಜನ್ ಕಡಿಮೆ, ಅಂಥವರು ಸಂಜೆ ಘಟ್ಟ ಹತ್ತಿದರೆ ಅಪಾಯ ಸಣ್ಣದು. 18 ಮೀಟರ್‌ವರೆಗೆ ಇಳಿದು ದಿನಕ್ಕೆ ಎರಡು ಮೂರು ಡೈವ್ ಮಾಡಿದವರ ಲೆಕ್ಕ ಬೇರೆ. ಆದರೂ ಇಬ್ಬರಿಗೂ ನನ್ನ ಸಲಹೆ ಒಂದೇ: ಆ ರಾತ್ರಿ ಕರಾವಳಿಯಲ್ಲೇ ಮಲಗಿ. ಈ ಕಾಯಿಲೆಯ ಲಕ್ಷಣಗಳು ಬಹುಪಾಲು ಮೊದಲ ಆರು ಗಂಟೆಗಳಲ್ಲಿ ತಲೆದೋರುತ್ತವೆ. ನಿಮ್ಮ ಯೋಜನೆಯಲ್ಲಿ ಆ ಆರು ಗಂಟೆಗಳು ಕಳೆಯುವುದು ಕಾಡಿನ ರಸ್ತೆಯ ತಿರುವುಗಳಲ್ಲಿ, ಆಮ್ಲಜನಕವಿಲ್ಲದ ಕಾರಿನಲ್ಲಿ, ಮೇಲೇರುತ್ತಾ. ಲಕ್ಷಣ ಕಂಡರೆ ಮೊದಲ ಉಪಚಾರ ಶುದ್ಧ ಆಮ್ಲಜನಕ, ನಂತರ ಒತ್ತಡದ ಚೇಂಬರ್‌ನಲ್ಲಿ ಚಿಕಿತ್ಸೆ. ಶನಿವಾರ ಬೆಳಿಗ್ಗೆ ಹೊರಟು, ಸಂಜೆ ಮುರ್ಡೇಶ್ವರದಲ್ಲಿ ವಿಶ್ರಮಿಸಿ, ಭಾನುವಾರ ಡೈವ್ ಮಾಡಿ, ಸೋಮವಾರ ಮಧ್ಯಾಹ್ನ ಘಟ್ಟ ಹತ್ತಿ. ಒಂದು ದಿನ ರಜೆ ಹಾಕಲು ಇದು ಸಾಕಷ್ಟು ಒಳ್ಳೆಯ ಕಾರಣ. ಡೈವ್ ಮಾಡುವ ಹಿಂದಿನ ರಾತ್ರಿಯೂ ಮಾಡಿದ ಸಂಜೆಯೂ ಮದ್ಯ ಬೇಡ.

ಮಾಲ್ಡೀವ್ಸ್‌ನಲ್ಲಿಯೂ ಇದೇ ಲೆಕ್ಕ. ಕೊನೆಯ ಡೈವ್‌ಗೂ ಅಲ್ಲಿನ ರಾಜಧಾನಿ ಮಾಲೆಯಿಂದ ಹೊರಡುವ ವಿಮಾನಕ್ಕೂ ನಡುವೆ ಒಂದು ಪೂರ್ಣ ದಿನ ಬಿಡುವಂತೆ ಮಗಳಿಗೆ ಹೇಳಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಸ್ಕೂಬಾವನ್ನು ಹೊರಗಿಡುತ್ತವೆ, ಷರತ್ತುಗಳನ್ನು ಓದಿ ನೋಡಿ. ಸಂಸ್ಥೆಯನ್ನು ಆರಿಸುವಾಗ ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಒಬ್ಬ ಬೋಧಕನ ಕೈಕೆಳಗೆ ಎಷ್ಟು ಜನ, ಆರೋಗ್ಯದ ಪ್ರಶ್ನಾವಳಿ ಕೇಳುತ್ತಾರೆಯೇ ಎಂದು ವಿಚಾರಿಸಿ. ಜೊತೆಗೆ ಶಾರ್ಕ್‌ಗಳಿಗೆ ಆಹಾರ ಹಾಕುತ್ತೀರಾ ಎಂದೂ ಕೇಳಿ. ‘ಹಾಕುತ್ತೇವೆ, ಆಗ ತೀರಾ ಹತ್ತಿರ ಬರುತ್ತವೆ’ ಎಂದು ಹೆಮ್ಮೆಯಿಂದ ಹೇಳುವವರನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಆಹಾರಕ್ಕೆ ಒಗ್ಗಿದ ಶಾರ್ಕ್ ಮನುಷ್ಯರ ಕೈಯನ್ನೂ ದೋಣಿಯನ್ನೂ ಅರಸಿ ಬರುತ್ತದೆ. ಕೈಗೆ ಕಚ್ಚುವುದೂ, ದೋಣಿಯ ಪ್ರೊಪೆಲ್ಲರ್‌ಗೆ ಸಿಕ್ಕಿ ಅದರ ಬೆನ್ನು ಸೀಳುವುದೂ ಆಗುವುದು ಹೀಗೆ.

ನೀರಿನಲ್ಲಿ ತಿಮಿಂಗಿಲ ಶಾರ್ಕ್‌ನ ಮೈಯಿಂದ ಮೂರು ಮೀಟರ್, ಬಾಲದಿಂದ ನಾಲ್ಕು ಮೀಟರ್ ದೂರವಿರುವುದು ಬಹುತೇಕ ಕಡೆ ಒಪ್ಪಿತವಾದ ನಿಯಮ. ಮುಂದೆ ಹೋಗಿ ದಾರಿಗೆ ಅಡ್ಡ ನಿಲ್ಲಬಾರದು, ಮುಟ್ಟಬಾರದು, ಫ್ಲ್ಯಾಶ್ ಬಳಸಬಾರದು. ಅದು ಕೆಳಗಿಳಿದರೆ ಬೆನ್ನಟ್ಟಬಾರದು. ಫೋಟೋ ತೆಗೆಯುವುದಾದರೆ ಎಡಪಕ್ಕದಲ್ಲಿ, ಕಿವಿರು ಸೀಳುಗಳ ಹಿಂದಿನ ಭಾಗ ಸ್ಪಷ್ಟವಾಗಿ ಬರುವಂತೆ ತೆಗೆಯಿರಿ. ಒಂದೊಂದು ಪ್ರಾಣಿಯ ಚುಕ್ಕಿಗಳ ವಿನ್ಯಾಸವೂ ಬೇರೆ ಬೇರೆಯಾಗಿರುವುದರಿಂದ, ನಕ್ಷತ್ರಗಳ ಚಿತ್ರ ಹೋಲಿಸಲು ಖಗೋಳ ವಿಜ್ಞಾನಿಗಳು ರೂಪಿಸಿದ ಗಣನಾ ವಿಧಾನವನ್ನೇ ಬಳಸಿ ಸಂಶೋಧಕರು ಅವುಗಳನ್ನು ಗುರುತಿಸುತ್ತಾರೆ. ಪ್ರವಾಸಿಗರು ಕೊಟ್ಟ ಇಂಥ ಚಿತ್ರಗಳಿಂದ ಯಾವ ಶಾರ್ಕ್ ಎಲ್ಲಿ ಕಾಣಿಸಿತು, ಅದರ ಗಾಯ ಮಾಯಿತೇ ಎಂಬುದು ವರ್ಷಗಟ್ಟಲೆ ದಾಖಲಾಗುತ್ತಿದೆ.

ಸದ್ಯಕ್ಕೆ ಮಗಳಿಗೆ ಹಣ ಕಟ್ಟುವುದನ್ನು ಎರಡು ವಾರ ತಡೆಯಲು ಹೇಳಿ. ಆ ಅವಧಿಯಲ್ಲಿ ನೀವು ಕಿವಿ ತೋರಿಸಿ, ಹೃದಯದ ತಪಾಸಣೆ ಮಾಡಿಸಿ. ನಿಮ್ಮ ಮನೆಯವರು ಸ್ಪೈರೋಮೆಟ್ರಿ ಮಾಡಿಸಲಿ, ಅಂದೇ ಈಜುಕೊಳಕ್ಕೂ ಹೆಸರು ಹಚ್ಚಲಿ. ವರದಿಗಳು ಕೈಗೆ ಬಂದ ಮೇಲೆ ಯಾರಿಗೆ ಕೋರ್ಸ್, ಯಾರಿಗೆ ಸ್ನಾರ್ಕೆಲಿಂಗ್ ಎಂಬುದನ್ನು ಮೂವರೂ ಕೂತು ತೀರ್ಮಾನಿಸಿ, ಪ್ರವಾಸದ ಕೊನೆಯ ದಿನವನ್ನು ಖಾಲಿ ಇಟ್ಟೇ ಟಿಕೆಟ್ ಮಾಡಿಸಿ.